ನೆಟ್‌ವರ್ಕ್ ಹೋದ ಹೊತ್ತು

“ಕಾಕಾ, ರಿಪೇರಿ ಬ್ಯಾಡ. ಒಂದು ಫೋಟೋ ಅಷ್ಟೇ ಕಾಢೂನ್ ಕೊಡ್ರಿ. ಹಾರ ಹಾಕಲಿಕ್ಕೆ ಮಾವಂದು ಛಲೋ ಫೋಟೋ ಮನಿಯಾಗ ಒಂದೂ ಇಲ್ಲ.”

ಸ್ನೇಹಲ್ ತನ್ನ ಮಾವನ ಹಳೆಯ ಫೋನನ್ನು ಅಮೀರಸಾಬನ ಅಂಗೈಗೆ ಇಟ್ಟಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಸೊಸೆ. ಅವಳ ಕನ್ನಡ ಮರಾಠಿಯ ಕೈ ಹಿಡಿದುಕೊಂಡೇ ನಡೆಯುತ್ತಿತ್ತು.

ಆ ಫೋನು ಅಮೀರಸಾಬನಿಗೆ ಹೊಸದಲ್ಲ. ಅದರ ಗಾಜನ್ನು ಎರಡು ಸಲ ಬದಲಾಯಿಸಿದವನು ಅವನೇ. ಚೆಂಬೂರು ಸ್ಟೇಷನ್ನಿನ ಹೊರಗೆ ಮಂಚದಷ್ಟಗಲದ ಅಂಗಡಿಯಲ್ಲಿ ಕೂತು ಮೊದಲು ರೇಡಿಯೋ, ಆಮೇಲೆ ಕೈಗಡಿಯಾರ, ಈಗ ಮೊಬೈಲು ಬಿಚ್ಚಿ ಕೂಡಿಸುವ ಮನುಷ್ಯ. ಸಿದ್ದಲಿಂಗಪ್ಪ ಅವನಿಗೆ ಮೂವತ್ತು ವರ್ಷಗಳ ಗೆಳೆಯ.

ಸೋಮವಾರ ಬೆಳಗ್ಗೆ ಮನೆಯಿಂದ ಹೊರಟ ಸಿದ್ದಲಿಂಗಪ್ಪ ತಿರುಗಿ ಬಂದಿರಲಿಲ್ಲ. ಮಂಗಳವಾರ ಸಂಜೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರಿನಲ್ಲಿ ಒಂದು ಹೆಣ ಸಿಕ್ಕಿತು. ಮುಖ ಗುರುತು ಹತ್ತುವಂತಿರಲಿಲ್ಲ. ಶುಕ್ರವಾರ ಅವನ ಹೆಂಡತಿ ರಾಚವ್ವ ಶವಾಗಾರಕ್ಕೆ ಹೋಗಿ, ಒಂದೇ ನೋಟ ನೋಡಿ, “ಹೌದು, ಇವರೇ” ಎಂದು ಹೆಬ್ಬೆಟ್ಟು ಒತ್ತಿ ಬಂದಿದ್ದಳು.

ಇವತ್ತು ಶನಿವಾರ. ಎರಡು ಗಂಟೆಗೆ ಆಂಬ್ಯುಲೆನ್ಸ್ ಬರುವುದಿತ್ತು. ನಾಲ್ಕಕ್ಕೆ ಮಣ್ಣು. ಮಣ್ಣು ಮುಚ್ಚಿದ ಮೇಲೆ ಪೊಲೀಸರ ಫೈಲೂ ಮುಚ್ಚುತ್ತದೆ.

“ಟಾವರ್ ಯಾಕ ಇಲ್ಲ ಇದಕ್ಕ?” ಅಮೀರಸಾಬ ಕೇಳಿದ. ಪರದೆಯ ಮೇಲೆ ನೆಟ್‌ವರ್ಕಿನ ಕಡ್ಡಿಗಳ ಜಾಗದಲ್ಲಿ ಒಂದು ಸಣ್ಣ ಗೀಟು ಮಾತ್ರ ಇತ್ತು.

“ಅಪ್‌ಡೇಟ್ ಆಗ್ಯದ ಕಾಕಾ. ಅವಾಗಿಂದ ನೆಟ್‌ವರ್ಕ್ ಗೆಲಾ. ಸಿಮ್ ನನ್ನ ಫೋನಿಗೆ ಹಾಕಿದ್ರ ಬರ್ತದ. ಇದರಾಗ ಬರಂಗಿಲ್ಲ.”

“ಸಿಮ್ ಛಲೋ ಐತಿ ಅಂದ್ರ ಫೋನಿಂದೇ ದೋಷ.”

ಹಳೆಯ ಫೋನುಗಳಿಗೆ ಹೀಗಾಗುವುದನ್ನು ಅವನು ಈ ವರ್ಷವೇ ಹತ್ತಾರು ಸಲ ನೋಡಿದ್ದ. ಹೊಸ ಸಾಫ್ಟ್‌ವೇರು ಬಂದು ಕೂರುತ್ತದೆ, ಹಳೆಯ ನೆಟ್‌ವರ್ಕ್ ಚಿಪ್ಪಿಗೂ ಅದಕ್ಕೂ ಹೊಂದುವುದಿಲ್ಲ. ಚಿತ್ರ ಬರುತ್ತದೆ, ಹಾಡು ಬರುತ್ತದೆ, ಗಡಿಯಾರ ನಡೆಯುತ್ತದೆ. ಮನುಷ್ಯರ ದನಿ ಮಾತ್ರ ಬರುವುದಿಲ್ಲ. ಗಿರಾಕಿಗಳು ಬಂದು, “ಏನೂ ಮಾಡಿಲ್ಲ ಸಾಬರ, ಅದಾಗೇ ಆತು” ಎಂದು ಆಣೆ ಮಾಡುತ್ತಾರೆ. ಅವರ ಮಾತು ನಿಜ. ಆದರೆ ಅದಕ್ಕೆ ಔಷಧ ಅಮೀರಸಾಬನಲ್ಲೂ ಇರಲಿಲ್ಲ.

“ಫೋನ್ ಎಲ್ಲಿತ್ತು?”

“ಟ್ರಂಕಿನಾಗ. ಚಾದರಿನ ಒಳಗ. ಸೈಲೆಂಟ್ ಮ್ಯಾಲೆ. ಗುರುವಾರ ಅತ್ತೆಯವರಿಗೆ ಸಿಕ್ತು. ಮಾವ ಮನಿಯಾಗೇ ಬಿಟ್ಟು ಹೋಗಿದ್ರು.” ಸ್ನೇಹಲ್ ಮೂಗು ಒರೆಸಿಕೊಂಡಳು. “ಸೋಮವಾರ, ಮಂಗಳವಾರ ರಿಂಗ್ ಆಗ್ತಿತ್ತು ಕಾಕಾ. ಬುಧವಾರದಿಂದ ಕವರೇಜ್ ಬಾಹೇರ್, ಹತ್ತಂಗೇ ಇಲ್ಲ. ನಾವು ಇಲ್ಲೇ ಕೂತು ಫೋನ್ ಹಚ್ಚತಿದ್ವಿ, ಅದು ಇಲ್ಲೇ ಟ್ರಂಕಿನಾಗ...”



ಅಮೀರಸಾಬ ಫೋಟೋ ಹುಡುಕುತ್ತಾ ಹೋದ. ಬೆಕ್ಕಿನ ಚಿತ್ರ, ಹಬ್ಬದ ಶುಭಾಶಯ, ಮೊಮ್ಮಗಳ ನೂರು ಮುಖ. ಸಿದ್ದಲಿಂಗಪ್ಪ ಎಲ್ಲರ ಚಿತ್ರ ತೆಗೆಯುತ್ತಿದ್ದ, ಅವನ ಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಕೊನೆಯಲ್ಲಿ ನಾಲ್ಕು ಚಿತ್ರ ಬೇರೆ ಥರದವು ಬಂದವು. ಗೀಟು ಹಾಕಿದ ದೊಡ್ಡ ಪುಸ್ತಕದ ಹಾಳೆಗಳು. ಹೆಸರು, ಒಳಗೆ ಬಂದ ಹೊತ್ತು, ಸಹಿ.

“ಗೇಟಿನ ರಜಿಸ್ಟರ್,” ಎಂದ ಅಮೀರಸಾಬ. ಸಿದ್ದಲಿಂಗಪ್ಪ ಕೆಮಿಕಲ್ ಕಂಪನಿಯೊಂದರ ಗೇಟಿನಲ್ಲಿ ಕೆಲಸಗಾರರ ಹಾಜರಿ ಬರೆದು ಇತ್ತೀಚೆಗಷ್ಟೇ ರಿಟೈರ್ ಆದವನು. “ಇದನ್ನ ಯಾಕ ಹೊಡಕೊಂಡಾನ ಈ ಮನುಷ್ಯ?”

“ದಾಖವಾ, ಚಾಚಾ.”

ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಸಾಳ್ವಿ ಕೈ ಚಾಚಿದ. ಕಂಪನಿಯ ವೆಲ್ಫೇರ್ ಆಫೀಸರು. ಬಿಳಿ ಅಂಗಿ, ಮೃದುವಾದ ದನಿ. ಬೆಳಗ್ಗೆ ಏಳಕ್ಕೇ ಬಂದವನು. ಆಂಬ್ಯುಲೆನ್ಸ್ ಹೇಳಿದ್ದು ಅವನೇ, ಹೂವಿನ ಹಾರ ತರಿಸಿದ್ದು ಅವನೇ, ಚಾಳಿನ ಅಕ್ಕಪಕ್ಕದ ಮನೆಗಳವರಿಗೆಲ್ಲ ಚಹಾ ಕೊಡಿಸಿದ್ದೂ ಅವನೇ. ಇಪ್ಪತ್ತು ವರ್ಷ ವಿಜಯಪುರದ ಕಡೆಯ ಕೆಲಸಗಾರರ ನಡುವೆ ಇದ್ದವನಾದ್ದರಿಂದ ಕನ್ನಡ ಆಡಲು ಬಾರದಿದ್ದರೂ ಎಲ್ಲ ತಿಳಿಯುತ್ತಿತ್ತು.

“ಮುಝೇ ದೀಜಿಯೇ. ಕಂಪನೀ ಕಾ ಆದ್ಮೀ ಠೀಕ್ ಕರಾ ದೇಗಾ.”

“ಬಿಡ್ರಿ ಸಾಹೇಬರ. ಮೂವತ್ತು ವರ್ಷ ಅವನ ಸಾಮಾನು ನಾನೇ ರಿಪೇರಿ ಮಾಡೀನಿ,” ಎಂದ ಅಮೀರಸಾಬ. “ಇದೊಂದು ಯಾಕ ಬಿಡ್ಲಿ.”

ಸಾಳ್ವಿ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡ.

ಅಮೀರಸಾಬ ಕನ್ನಡಕ ಹಣೆಗೆ ಏರಿಸಿ ಫೋನನ್ನು ಕಣ್ಣಿನ ಹತ್ತಿರ ಹಿಡಿದ. ಕಾಯಿಲೆ ಯಾವಾಗ ಶುರುವಾಯಿತು ಎಂದು ಕೇಳದೆ ಯಾವ ಡಾಕ್ಟರೂ ಔಷಧ ಕೊಡುವುದಿಲ್ಲ. ಅವನೂ ಹಾಗೆಯೇ. ಸೆಟ್ಟಿಂಗ್ ಒಳಗೆ ಹೋಗಿ ಕೊನೆಯ ಅಪ್‌ಡೇಟ್ ಕೂತ ಹೊತ್ತನ್ನು ಹುಡುಕಿದ.

ಬುಧವಾರ. ಬೆಳಗ್ಗೆ ಆರು ಐವತ್ತೆರಡು.

ಅವನು ಮತ್ತೊಮ್ಮೆ ಓದಿದ. ಆಮೇಲೆ ಸುತ್ತಲೂ ನೋಡಿದ. ಹತ್ತು ಬೈ ಹನ್ನೆರಡರ ಕೋಣೆ, ಮಂಚ, ಮಂಚದ ಕೆಳಗೆ ಟ್ರಂಕು, ಅಡುಗೆಮನೆಗೆ ಅಡ್ಡ ಕಟ್ಟಿದ ಪರದೆ. ಪರದೆಯ ಆಚೆ ರಾಚವ್ವನೂ ಚಾಳಿನ ಹೆಂಗಸರೂ ಕೂತಿದ್ದರು.

“ಶಶಿಕಾಂತ, ನಿಮ್ಮನಿಯಾಗ ವೈಫೈ ಐತೇನು?”

ಸಿದ್ದಲಿಂಗಪ್ಪನ ಮಗ ಗೋಡೆಗೆ ಒರಗಿ ನಿಂತಿದ್ದ. ಐದು ದಿನದ ಗಡ್ಡ. ಅದೇ ಕಂಪನಿಯ ಪವಾಯಿ ಆಫೀಸಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಅವನದು.

“ವೈಫೈ? ಇಲ್ಲ. ಯಾಕ?”

“ಬಾಜೂ ಮನಿಯಾಗ?”

“ಈ ಚಾಳಿನಾಗ ಯಾರ ಮನಿಯಾಗೂ ಇಲ್ಲ ಕಾಕಾ. ಎಲ್ಲಾರೂ ಮೊಬೈಲ್ ಡೇಟಾ ಮ್ಯಾಲೇ. ಈಗ್ಯಾಕ ಅದು?”

“ನಿಮ್ಮಪ್ಪನ ಸಿಮ್ಮಿಗೆ ಡೇಟಾ ಇತ್ತೇನು?”

“ಇಲ್ಲ. ಬರೀ ಮಾತಾಡೋ ಪ್ಯಾಕು. ನಾನೇ ಹಾಕಸ್ತೀನಲ್ಲ.”

ಅಮೀರಸಾಬ ಮೆಲ್ಲಗೆ ಮಂಚದ ಅಂಚಿಗೆ ಕೂತ.

“ಹಂಗಾದ್ರ ಈ ಅಪ್‌ಡೇಟು ಟ್ರಂಕಿನಾಗ ಹ್ಯಾಂಗ ಆತೋ ತಮ್ಮಾ?”

ಅವನು ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಇದೇನ್ ಸಣ್ಣ ಸಾಮಾನಲ್ಲ. ಒಂದು ಸಿನಿಮಾದಷ್ಟು ದೊಡ್ಡದು. ಡೇಟಾ ಇಲ್ಲದ ಫೋನಿಗೆ ವೈಫೈ ಬೇಕೇ ಬೇಕು. ಬ್ಯಾಟ್ರಿನೂ ತುಂಬಿರಬೇಕು. ಇದರ ಬ್ಯಾಟ್ರಿ ನನಗ ಗೊತ್ತೈತಿ, ಬೆಳಗ್ಗೆ ತುಂಬಿದ್ರ ಸಂಜೀಕ ಸಾಯ್ತದ. ಸೋಮವಾರ ಟ್ರಂಕಿಗೆ ಹೋದ ಫೋನು ಮಂಗಳವಾರ ರಿಂಗ್ ಆಗಾಕ ಸಾಧ್ಯ ಇಲ್ಲ. ಬುಧವಾರ ಅಪ್‌ಡೇಟ್ ಆಗೋದಂತೂ ದೂರದ ಮಾತು.”

“ಕಾಕಾ...”

“ತಡಿ. ಇನ್ನೊಂದು ಐತಿ. ನಿಮ್ಮಪ್ಪ ಮುಂಜಾನೆ ಆರರಿಂದ ಆರೂಮುಕ್ಕಾಲರ ತನಕ ಏನ್ ಮಾಡ್ತಾನ?”

“ಲಿಂಗಪೂಜೆ.”

“ಪೂಜೆಗೆ ಕೂಡೋಕಿಂತ ಮದ್ಲ?”

ಶಶಿಕಾಂತನ ಬಾಯಿ ತೆರೆದುಕೊಂಡಿತು. ಉತ್ತರ ಕೊಟ್ಟವಳು ಸ್ನೇಹಲ್. “ಫೋನ್ ಬಂದ್ ಮಾಡ್ತಾರ. ರೋಜ್. ಪೂಜೆ ಆದ ಮ್ಯಾಲೆ ಚಾಲೂ ಮಾಡ್ತಾರ.”

“ಹೂಂ. ನನಗೂ ಹೇಳಿದ್ದ, ಆ ಹೊತ್ತಿನ್ಯಾಗ ಫೋನ್ ಮಾಡಬ್ಯಾಡೋ ಸಾಬಾ, ಶಿವನ ಜೋಡಿ ಮಾತಾಡೂಮುಂದ ಮತ್ತೊಂದು ಲೈನ್ ಬ್ಯಾಡ ಅಂತ.” ಅಮೀರಸಾಬ ಫೋನಿನ ಗಾಜನ್ನು ಅಂಗಿಗೆ ಒರೆಸಿದ. “ಅಪ್‌ಡೇಟು ರಾತ್ರಿಯೆಲ್ಲಾ ಇಳದು ಒಳಗ ಕುಂತಿತ್ತು. ಫೋನ್ ಬಂದ್ ಮಾಡಿ ಚಾಲೂ ಮಾಡಿದ ಕೂಡ್ಲೇ ಜಾಗಾ ಹಿಡೀತು. ಆರು ಐವತ್ತೆರಡು. ಈ ದೇಶದಾಗ ಆ ಹೊತ್ತಿಗೆ ಫೋನ್ ಬಂದ್ ಮಾಡಿ ಚಾಲೂ ಮಾಡೋ ಮನುಷ್ಯ ನನಗ ಒಬ್ಬನೇ ಗೊತ್ತು.”

ಹೊರಗೆ ಗ್ಯಾಲರಿಯಲ್ಲಿ ಯಾರೋ ಬಕೆಟ್ಟು ಇಟ್ಟ ಸದ್ದಾಯಿತು.

“ಹೆಣ ಸಿಕ್ಕಿದ್ದು ಮಂಗಳವಾರ ಸಂಜಿಕ. ಸಿದ್ದಣ್ಣ ಬುಧವಾರ ಬೆಳಗ್ಗೆ ಪೂಜೆ ಮಾಡ್ಯಾನ. ನೀವು ಮಣ್ಣು ಮಾಡಾಕ ಹೊಂಟಿದ್ದು ಬ್ಯಾರೆ ಯಾರನ್ನೋ.”

ಶಶಿಕಾಂತ ಗೋಡೆ ಬಿಟ್ಟು ಮುಂದೆ ಬಂದ. ಅವನ ಮುಖದಲ್ಲಿ ಆಸೆಯೂ ಸಿಟ್ಟೂ ಒಂದೇ ಸಲಕ್ಕೆ ಬಂದು ನಿಂತಿದ್ದವು.

“ಕಾಕಾ, ನೀವು ದೊಡ್ಡವರು. ಆದ್ರ ಇದು ಜಾಸ್ತಿ ಆಗ್ತದ. ನಮ್ಮವ್ವ ನೋಡಿ ಹೌದು ಅಂದಾಳ. ಫೋನ್ ಸಿಕ್ಕಿದ್ದು ಆಕಿಗೇ. ಆಕಿ ಸುಳ್ಳು ಹೇಳ್ತಾಳ ಅಂತೀರೇನು?”

“ರಾಚಕ್ಕಗ ನಾ ಯಾಕ ಅನ್ಲಿ. ಆಕಿಗೆ ಟ್ರಂಕಿನಾಗ ಸಿಕ್ತು. ಖರೇ. ಟ್ರಂಕಿನೊಳಗ ಇಟ್ಟವರು ಯಾರು? ಈ ಮನಿ ಕೀಲಿ ಯಾರ್ಯಾರ ಕಡೆ ಐತಿ?”

“ನನ್ನ ಮ್ಯಾಲೆ ಡೌಟ್?”

“ನಿನ್ನ ಕಡೆ ಕೀಲಿ ಐತೋ ಇಲ್ಲೋ?”

“ಐತಿ! ನನ್ನ ಮನಿ, ನನ್ನ ಕೀಲಿ! ಐದು ದಿನ ಆತು ನಾನು ಅನ್ನ ಉಂಡಿಲ್ಲ. ಒಂದೊಂದು ಹಾಸ್ಪಿಟಲ್, ಒಂದೊಂದು ಪೊಲೀಸ್ ಚೌಕಿ... ಈಗ ಒಂದು ಡಬ್ಬಾ ಫೋನ್ ಹಿಡಕೊಂಡು ನೀವು...”

ಹೆಂಡತಿ ಅವನ ತೋಳು ಹಿಡಿದಳು. ಅವನು ಕೊಡವಿಕೊಂಡು ಜೇಬಿನಿಂದ ತನ್ನ ಫೋನು ತೆಗೆದ.

“ಆಯ್ತು. ಠಾಣೆಗೆ ಕೇಳೋಣ. ನಿಮ್ಮ ಮುಂದೇ.”

ಸ್ಪೀಕರಿನಲ್ಲಿ ಮಾತಾಡಿದ ಪೊಲೀಸಿನವನು ಕೆಟ್ಟವನೇನಲ್ಲ, ದಣಿದವನು. ಎಲ್ಲ ಕೇಳಿದ. ಆಮೇಲೆ ಹಿಂದಿಯಲ್ಲಿ, ಪತ್ನಿಯೇ ಗುರುತಿಸಿದ್ದಾಳೆ, ಕಾಗದ ಆಗಿದೆ, ಫೋನಿನ ಅಪ್‌ಡೇಟ್ ನೋಡಿ ಹೆಣ ಬದಲಾಯಿಸುವ ಕಾನೂನು ತನಗೆ ಗೊತ್ತಿಲ್ಲ ಎಂದ. ಸಂಶಯವಿದ್ದರೆ ಬರೆದು ಕೊಡಿ, ಸಾಹೇಬರು ಸೋಮವಾರ ಸಿಗುತ್ತಾರೆ.

“ಸೋಮವಾರ್ ತಕ್ ಬಾಡೀ ಕೌನ್ ರಖೇಗಾ, ಭಾವೂ?” ಎಂದು ಕೊನೆಗೆ ಅವನೇ ಕೇಳಿ ಫೋನಿಟ್ಟ.

ಶಶಿಕಾಂತ ಅಮೀರಸಾಬನನ್ನು ನೋಡಿದ. “ಕೇಳಿದ್ರೇನು?”

ಅಮೀರಸಾಬ ಕೇಳಿದ್ದ. ಲೋಕ ಹೇಗೆ ನಡೆಯುತ್ತದೆಂದು ಅವನಿಗೆ ಗೊತ್ತಿಲ್ಲದ್ದಲ್ಲ. ಕಾಗದದ ಮೇಲೆ ಸತ್ತವನನ್ನು ಬದುಕಿಸುವುದು ಬದುಕಿದವನನ್ನು ಸಾಯಿಸುವುದಕ್ಕಿಂತ ಕಷ್ಟ. ಕೈಯಲ್ಲಿರುವ ಸತ್ಯಕ್ಕೆ ತೂಕ ಸಾಲದಿದ್ದಾಗ ಇನ್ನೊಂದು ಕಲ್ಲು ಹುಡುಕಿ ತಕ್ಕಡಿಗೆ ಹಾಕಬೇಕು.

ಅವನು ಮತ್ತೆ ಫೋನಿನೊಳಗೆ ಇಳಿದ. ಒಂದು ಸಲ ಸೇರಿಕೊಂಡ ವೈಫೈಯ ಹೆಸರನ್ನು ಫೋನು ಮರೆಯುವುದಿಲ್ಲ. ಪಟ್ಟಿ ತೆರೆದುಕೊಂಡಿತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು.

ಅಮೀರಸಾಬನ ಅಂಗಡಿಗೊಂದು ಪದ್ಧತಿಯಿತ್ತು. ಗಿರಾಕಿಯ ಕಣ್ಣೆದುರೇ ಫೋನು ಬಿಚ್ಚಬೇಕು, ಒಳಗೆ ಕಂಡದ್ದನ್ನು ಬಾಯಿ ಬಿಟ್ಟು ಹೇಳುತ್ತಾ ಹೋಗಬೇಕು. ಅವನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷು ಓದಲು ಬಾರದು. ಸಾಬ ನಮ್ಮಿಂದ ಏನೋ ಮುಚ್ಚಿಟ್ಟ ಎಂಬ ಮಾತು ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಈಗಲೂ ಅವನು ಅದೇ ಗಟ್ಟಿ ದನಿಯಲ್ಲಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದ.

“ಯಕ್ಷಿತಾ ಬ್ಯೂಟಿ, ಗೊರಾಯಿ ಟೂ.”

ಪರದೆಯ ಆಚೆ ಪಾತ್ರೆಯೊಂದು ಬಿತ್ತು.

“ಗೊರಾಯಿ ಟೂ ಅಂದ್ರ ಬೊರಿವಲಿ,” ಎಂದಳು ಸ್ನೇಹಲ್. “ಬ್ಯೂಟಿ ಪಾರ್ಲರ್ ಇರಬೇಕು. ಮಾವ ಪಾರ್ಲರಿಗೆ ಯಾಕ?”

“ಕ್ಯಾ ನಾಮ್ ಬೋಲಾ, ಚಾಚಾ?” ಸಾಳ್ವಿ ಕೇಳಿದ.

“ಯಕ್ಷಿತಾ.”

“ಅಚ್ಛಾ.”

ಪರದೆ ಸರಿದು ರಾಚವ್ವ ಹೊರಗೆ ಬಂದಳು. ಹಣೆಯ ಮೇಲೆ ವಿಭೂತಿ ಇತ್ತು, ಕಣ್ಣು ಕೆಂಪಾಗಿದ್ದವು. ಅವಳು ಅಮೀರಸಾಬನನ್ನು ನೋಡಿದ ರೀತಿಯನ್ನು ಅವನು ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ.

“ಸಾಕು ಮಾಡೋ ಅಮೀರಣ್ಣ. ಸಾಕು. ಸತ್ತವರ ಫೋನ್ ಕೆದಕಬ್ಯಾಡ.”

“ಸತ್ತಿಲ್ಲ ರಾಚಕ್ಕ! ಅದನ್ನ ಹೇಳಾಕತ್ತೀನಿ!” ಅವನು ಎದ್ದು ನಿಂತ. ಐದು ದಿನಗಳಲ್ಲಿ ಮೊದಲ ಸಲ ಅವನ ಮುಖಕ್ಕೆ ರಕ್ತ ಬಂದಿತ್ತು. “ಕೇಳಿಲ್ಲಿ. ಬುಧವಾರ ಫೋನಿನ ನೆಟ್‌ವರ್ಕ್ ಹೋತು. ಸಿದ್ದಣ್ಣ ಏನ್ ಮಾಡ್ತಾನ? ಇನ್ನೊಬ್ಬ ರಿಪೇರಿಯವನ ಕೈಗೆ ಅವನು ಫೋನ್ ಕೊಡೋ ಪೈಕಿ ಅಲ್ಲ. ಅಮೀರಸಾಬಗ ತೋರಿಸ್ರಿ ಅಂತ ಯಾರ ಕೂಡಿನೋ ಕಳಿಸ್ಯಾನ. ನನ್ನ ಅಂಗಡಿ ಮುಚ್ಚಿತ್ತು. ನಾನು ಅವನ್ನ ಹುಡುಕಿಕೋತ ಖಾಡಿ ದಂಡಿಗೆ ಅಡ್ಡಾಡ್ತಿದ್ದೆ. ಅದಕ್ಕ ತಂದವರು ಈ ಮನಿಗೆ ಮುಟ್ಟಿಸ್ಯಾರ. ಗೊರಾಯಿಗೆ ಹೋದ್ರ ಸಿದ್ದಣ್ಣ ಸಿಗ್ತಾನ. ಅವನು ನನ್ನ ದಾರಿ ಕಾಯಾಕತ್ಯಾನ!”

ಶಶಿಕಾಂತ ಮಂಚದ ಮೇಲೆ ಕುಸಿದ. ಮೊಣಕೈಗಳ ನಡುವೆ ಮುಖ ಇಟ್ಟು ಬಿಕ್ಕತೊಡಗಿದ. “ಕಾಕಾ, ಖರೇನ್ರೀ? ಖರೇ ಹೇಳ್ರಿ...” ಸ್ನೇಹಲ್ ಅವನ ಬೆನ್ನು ಸವರುತ್ತಾ ತಾನೂ ಅತ್ತಳು.

ಸಾಳ್ವಿ ಎದ್ದ. ಶಶಿಕಾಂತನ ಹೆಗಲು ತಟ್ಟಿದ. “ದೇವಾಚೀ ಕೃಪಾ. ಮೈ ಆಂಬ್ಯುಲೆನ್ಸ್ ಕೋ ರೋಕತಾ ಹೂಂ. ಆಪ್ ಲೋಗ್ ಆರಾಮ್ ಸೇ ಬೈಠೋ.” ಅವನ ಚಪ್ಪಲಿಯ ಸದ್ದು ಮರದ ಮೆಟ್ಟಿಲಿನ ಮೇಲೆ ಇಳಿದುಹೋಯಿತು.

“ಅಮೀರಣ್ಣ, ಒಳಗ ಬಾ,” ಎಂದಳು ರಾಚವ್ವ.

ಬಿಕ್ಕುತ್ತಿದ್ದ ಮಗನನ್ನು ಸಮಾಧಾನ ಮಾಡಿ, ಅಡುಗೆಮನೆಯ ಹೆಂಗಸರನ್ನು ಒಬ್ಬೊಬ್ಬರಾಗಿ ಗ್ಯಾಲರಿಗೆ ಕಳಿಸಿ ಅವಳು ಪರದೆ ಎಳೆಯುವ ಹೊತ್ತಿಗೆ ಇಪ್ಪತ್ತು ನಿಮಿಷವೇ ಕಳೆದಿತ್ತು. ಒಲೆಯ ಮೇಲೆ ಚಹಾದ ಪಾತ್ರೆ ತಣ್ಣಗಾಗಿತ್ತು.

“ಫೋನ್ ನನ್ನ ಕೈಗೇ ಬಂತು,” ಎಂದಳು. “ಗುರುವಾರ ಮಧ್ಯಾಹ್ನ. ಆ ಹುಡುಗಿ ಯಕ್ಷಿತಾನೇ ಬಂದಿದ್ಲು. ಸಾಬರ ಅಂಗಡಿ ಮುಚ್ಚೈತಿ ಅಜ್ಜಿ, ನೀವೇ ಮುಟ್ಟಿಸ್ರಿ ಅಂತ ಕೊಟ್ಟು ಹೋದ್ಲು. ನಾ ಟ್ರಂಕಿನಾಗ ಇಟ್ಟೆ, ಅಲ್ಲೇ ಸಿಕ್ತು ಅಂದೆ.”

ಅಮೀರಸಾಬ ಅವಳನ್ನೇ ನೋಡಿದ.

“ಹಂಗಂದ್ರ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ನಿನ್ನೆ ಆ ಹೆಣದ ಮುಂದ ನಿಂತು...”

“ಹೌದು ಅಂದೆ.” ಅವಳ ದನಿ ಅಲುಗಲಿಲ್ಲ. “ಅದೂ ಯಾರದೋ ಮನಿ ಹಿರಿಯ. ಅವನಿಗೂ ಮಣ್ಣು ಸಿಗಲಿ, ನಮ್ಮವರಿಗೆ ಎರಡು ದಿನ ಸಿಗಲಿ ಅಂದ್ಕೊಂಡೆ. ಐತನ ನೆನಪೈತಿಲ್ಲ ನಿನಗ?”

ನೆನಪಿತ್ತು. ಮಂಗಳೂರು ಕಡೆಯ ಐತ, ಕಂಪನಿಯ ಗುತ್ತಿಗೆ ಕೆಲಸಗಾರ. ಏಪ್ರಿಲಿನಲ್ಲಿ ಬಾಯ್ಲರು ಸಿಡಿದಾಗ ಅವನೂ ಇನ್ನೊಬ್ಬನೂ ಸತ್ತರು. ಆ ದಿನ ಅವರಿಬ್ಬರೂ ಕೆಲಸಕ್ಕೇ ಬಂದಿರಲಿಲ್ಲ, ಹೊರಗೆ ಎಲ್ಲೋ ಸುಟ್ಟುಕೊಂಡಿದ್ದಾರೆ ಎಂದು ಕಂಪನಿ ಹೇಳಿತ್ತು.

“ಅವರಿಬ್ಬರೂ ಬಂದಿದ್ರು ಅಂತ ಇವರ ರಜಿಸ್ಟರ್‌ನಾಗ ಬರದೈತಿ. ರಜಿಸ್ಟರ್ ಮಾಯ ಆತು. ಮಾಯ ಆಗೋಕಿಂತ ಮದ್ಲ ಇವರು ಫೋಟೋ ಹೊಡಕೊಂಡಿದ್ರು. ನಾಡದು ಸೋಮವಾರ ಕೋರ್ಟಿನಾಗ ಹೇಳಬೇಕು. ಹೋದ ವಾರ ಇಬ್ಬರು ಬಂದು ಇವರ ಅಂಗಿ ಹಿಡದು, ಕೋರ್ಟಿನ ದಿನ ನೋಡೋಕೆ ನೀನು ಇರಂಗಿಲ್ಲ ಮುದುಕಾ ಅಂದು ಹೋದ್ರು. ಅದಕ್ಕ ಐತನ ಮಗಳು ಇದೇ ಯಕ್ಷಿತಾನ ಮನಿಗೆ ಹೋದ್ರು. ಸತ್ತಾರ ಅಂತ ತಿಳದ್ರ ಯಾರೂ ಹುಡುಕಂಗಿಲ್ಲ. ಇನ್ನೆರಡು ದಿನ ಅಮೀರಣ್ಣ. ಎರಡೇ ದಿನ ಇತ್ತು.”

“ಶಶಿಕಾಂತಗ ಯಾಕ ಹೇಳಲಿಲ್ಲ?”

“ಅವನ ಅನ್ನ ಅವರ ಕೈಯಾಗ ಐತಿ. ಅವನ ಹೊಟ್ಟಿಯಾಗ ಮಾತು ನಿಲ್ಲಂಗಿಲ್ಲ.”

“ನನಗ?”

ರಾಚವ್ವ ತಣ್ಣಗಾದ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

“ನಿನಗ ಹೇಳೋಣು ಅಂತ ಇವರೂ ಅಂದಿದ್ರು. ನಾನೇ ಬ್ಯಾಡ ಅಂದೆ. ನೀನು ಛಲೋ ಮನುಷ್ಯ ಅಮೀರಣ್ಣ. ನಿನಗ ಸುಳ್ಳು ಅಳಾಕ ಬರಂಗಿಲ್ಲ.”

ಅಮೀರಸಾಬ ಪರದೆ ಸರಿಸಿದ. ಪ್ಲಾಸ್ಟಿಕ್ ಕುರ್ಚಿ ಖಾಲಿಯಿತ್ತು. ಗ್ಯಾಲರಿಗೆ ಓಡಿ ಕೆಳಗೆ ಬಗ್ಗಿದ. ಬೆಳಗ್ಗೆಯಿಂದ ನಲ್ಲಿಯ ಪಕ್ಕ ನಿಂತಿದ್ದ ಬಿಳಿ ಕಾರು ಅಲ್ಲಿರಲಿಲ್ಲ.

“ಸಾಳ್ವಿ ಸಾಹೇಬ ಹೋಗಿ ಎಷ್ಟೊತ್ತಾತು?”

“ಅರ್ಧಾ ತಾಸ್ ಝಾಲಾ ಅಸೇಲ್,” ಎಂದಳು ಗ್ಯಾಲರಿಯಲ್ಲಿ ಕೂತಿದ್ದ ಚಂಪಾ ಮಾವಶಿ.

ಅರ್ಧ ತಾಸು. ಚೆಂಬೂರಿನಿಂದ ಗೊರಾಯಿಗೆ ಕಾರಿನಲ್ಲಿ ಈ ಹೊತ್ತಿನ ಟ್ರಾಫಿಕ್ಕಿಗೆ ಒಂದೂವರೆ ತಾಸು. ಲೋಕಲ್ ರೈಲಿನಲ್ಲಿ ಹೋದರೂ ಎರಡು ಕಡೆ ಬದಲಾಯಿಸಿ ಅಷ್ಟೇ. ಈಗ ಹೊರಟರೆ ಸಾಳ್ವಿ ಮುಟ್ಟಿದ ಮೇಲೆಯೇ ತಾನು ಮುಟ್ಟುವುದು. ಸಿದ್ದಲಿಂಗಪ್ಪನಿಗೆ ಒಂದು ಮಾತು ಹೇಳಬೇಕೆಂದರೆ ಅವನ ಫೋನು ತನ್ನ ಕೈಯಲ್ಲೇ ಇತ್ತು, ಕಡ್ಡಿಯಿಲ್ಲದೆ, ಕಲ್ಲಿನ ತುಂಡಿನಂತೆ.

“ರಾಚಕ್ಕ, ಆ ಹುಡುಗಿ ನಂಬರ್ ಕೊಡು!”

“ತಗೊಂಡಿಲ್ಲೋ ಅಣ್ಣಾ. ಇಲ್ಲಿಂದ ಫೋನ್ ಹಚ್ಚಿದ್ರ ಪತ್ತೆ ಆಗ್ತದ ಅಂತ ಅವರೇ ಬ್ಯಾಡ ಅಂದಿದ್ರು.”

ಅಮೀರಸಾಬ ತನ್ನ ಫೋನು ತೆಗೆದ. ಎರಡು ಸಲ ತಪ್ಪು ಒತ್ತಿದ. ಸ್ನೇಹಲ್ ಏನೂ ಕೇಳದೆ ಅದನ್ನು ಕಸಿದುಕೊಂಡು ಪಾರ್ಲರಿನ ಹೆಸರು ಹಾಕಿ ಹುಡುಕಿದಳು. ನಕ್ಷೆಯ ಮೇಲೆ ಗುಲಾಬಿ ಬಣ್ಣದ ಬೋರ್ಡು, ಅದರ ಕೆಳಗೊಂದು ನಂಬರು ಬಂತು. ಹಚ್ಚಿಕೊಟ್ಟಳು.

ರಿಂಗಾಯಿತು. ಯಾರೂ ಎತ್ತಲಿಲ್ಲ.

ಮತ್ತೆ ಹಚ್ಚಿದರು. ಶಶಿಕಾಂತ ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ನಿಂತ. ಏನಾಗುತ್ತಿದೆ ಎಂದು ಅವನಿಗೆ ತಿಳಿದಿರಲಿಲ್ಲ, ತಾಯಿಯ ಮುಖ ನೋಡಿ ಕೇಳಲೂ ಧೈರ್ಯವಾಗಲಿಲ್ಲ.

ಆರನೆಯ ರಿಂಗಿಗೆ ಹುಡುಗಿಯೊಬ್ಬಳ ದನಿ ಬಂತು. ಹಿಂದೆ ಹೇರ್ ಡ್ರೈಯರಿನ ಸದ್ದು.

“ಹಲೋ, ಯಕ್ಷಿತಾ ಬ್ಯೂಟಿ ಪಾರ್ಲರ್.”

“ಅವ್ವಾ, ನಾನು ಅಮೀರಸಾಬ. ಚೆಂಬೂರು. ಸಿದ್ದಲಿಂಗಪ್ಪ ಎಲ್ಲಿದಾನ?”

“ಓ, ಅಂಕಲ್!” ದನಿಯಲ್ಲಿ ನಗುವಿತ್ತು. “ಅಜ್ಜ ಈಗಷ್ಟೇ ಇಳಿದ್ರು. ಚಪ್ಪಲಿ ಕೂಡ ಸರಿ ಹಾಕ್ಲಿಲ್ಲ, ಅಷ್ಟು ಖುಷಿ ಅವರಿಗೆ. ಮೂರು ದಿನದಿಂದ ಒಂದೇ ಜಪ, ಸಾಬ ಬರ್ತಾನೆ, ಫೋನ್ ಸರಿ ಮಾಡ್ಕೊಂಡು ತರ್ತಾನೆ ಅಂತ.”

ಕಾರಿಗೆ ಒಂದೂವರೆ ತಾಸು ಬೇಕು ಎಂದು ಅಮೀರಸಾಬ ಲೆಕ್ಕ ಹಾಕಿದ್ದ. ಸಾಳ್ವಿಯ ಫೋನಿಗೆ ನೆಟ್‌ವರ್ಕ್ ಇದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

“ಯಾರು ಕರಿಯಾಕ ಬಂದಿದ್ರು?”

“ನಿಮ್ಮ ಕಡೆಯ ಜನವೇ ಅಲ್ವಾ? ಇಬ್ರು. ಅಮೀರಸಾಬ್ರು ಫೋನ್ ರಿಪೇರಿ ಮಾಡಿ ತಂದಿದ್ದಾರೆ, ಕಾಲು ನೋವು, ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ, ಕೆಳಗೆ ಬರ್ಬೇಕಂತೆ ಅಂದ್ರು. ನಿಮ್ಮ ಹೆಸರು ಕೇಳಿಯೇ ಅಜ್ಜ ಬಾಗ್ಲು ತೆಗೆದದ್ದು.”

“ನಿಲ್ಲಸು! ಓಡು ಅವ್ವಾ, ಅವನ್ನ ನಿಲ್ಲಸು! ಕಾರು ಹತ್ತಬ್ಯಾಡ ಅಂತ ಒದರು!”

ಡ್ರೈಯರಿನ ಸದ್ದು ನಿಂತಿತು. ಏನೋ ಉರುಳಿತು. ಓಡುವ ಹೆಜ್ಜೆ, ಕಿಟಕಿಯ ಚಿಲಕ, ರಸ್ತೆಯ ಹಾರ್ನು. “ಅಜ್ಜಾ! ಅಜ್ಜಾ!” ಎಂಬ ಅವಳ ಕೂಗು ಎರಡು ಸಲ ದೂರದಿಂದ ಕೇಳಿತು. ರಾಚವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಹುಡುಗಿ ಮತ್ತೆ ಫೋನಿಗೆ ಬಂದಾಗ ಏದುಸಿರು ಬಿಡುತ್ತಿದ್ದಳು.

“ಕಾರು ಮೂಲೆ ತಿರುಗ್ತು ಅಂಕಲ್. ಅಜ್ಜ ಹಿಂದಿನ ಸೀಟಲ್ಲಿ... ನೀವು...” ಅವಳ ದನಿ ಸಣ್ಣದಾಯಿತು. “ನೀವು ಅದರೊಳಗೆ ಇಲ್ವಾ?”